ಡೀಸೆಲ್ ಟ್ಯಾಂಕಿನ ತಳದ ನೀರು

ದಕ್ಕೆಯಲ್ಲಿ ಕಟ್ಟಿಹಾಕಿದ್ದಾಗ ಸರಾಗವಾಗಿ ಓಡಿದ ಎಂಜಿನ್, ಬೋಟು ಅಳಿವೆ ಬಾಯಿಗೆ ಬರುತ್ತಿದ್ದಂತೆ ಮಿಸ್ ಹೊಡೆಯಲು ತೊಡಗುತ್ತದೆ. ರೇಸ್ ಕೊಟ್ಟರೂ ಏರುವುದಿಲ್ಲ, ಬಿಳಿ ಹೊಗೆ ಬರುತ್ತದೆ, ಒಮ್ಮೆ ಜೋರಾಗಿ ಕೂಗಿ ನಿಂತೇಬಿಡುತ್ತದೆ. ಇದರಲ್ಲಿ ಗುಟ್ಟೇನೂ ಇಲ್ಲ. ದಕ್ಕೆಯಲ್ಲಿ ಬೋಟು ಅಲುಗುವುದಿಲ್ಲ, ಹಾಗಾಗಿ ಟ್ಯಾಂಕಿನ ತಳದಲ್ಲಿ ಕೂತ ನೀರೂ ಕೆಸರೂ ಅಲ್ಲಾಡದೆ ಕೂತಿರುತ್ತವೆ. ಅಳಿವೆಯಲ್ಲಿ ನಾಲ್ಕು ತೆರೆ ಬಡಿದದ್ದೇ ತಡ, ಎಲ್ಲವೂ ಕಲಕಿ ಎಂಜಿನ್‌ಗೆ ಹೋಗುವ ಪೈಪು ಸೇರುತ್ತವೆ. ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಫಲ್ಗುಣಿ ಕೂಡಿ ಕಡಲಿಗೆ ಬೀಳುವ ಆ ಜಾಗದಲ್ಲಿ ಮರಳ ದಿಬ್ಬವೂ ಇದೆ, ಸೆಳೆತವೂ ಇದೆ. ಎಂಜಿನ್ ನಿಲ್ಲಲು ಅದಕ್ಕಿಂತ ಕೆಟ್ಟ ಜಾಗ ಇಲ್ಲ.

ಕಡಲಿನಿಂದ ದೂರ, ನಮ್ಮ ಸಿದ್ಧಕಟ್ಟೆಯಲ್ಲಿ ಕೂತವರಿಗೆ ಬೋಟಿನ ಉಸಾಬರಿ ಯಾಕೆ ಎಂದು ಯಾರಾದರೂ ಕೇಳಬಹುದು. ವೇಣೂರಿನ ಬದಿಯಿಂದ ಇಳಿದು ನಮ್ಮ ಸೀಮೆಯನ್ನು ಸವರಿಕೊಂಡು ಹೋಗುವ ಫಲ್ಗುಣಿಯೇ ಗುರುಪುರ ದಾಟಿ, ಹಳೆ ಬಂದರಿನಲ್ಲಿ ಸಾಲುಗಟ್ಟಿದ ಬೋಟುಗಳ ಅಡಿಯಲ್ಲಿ ಹರಿದು ಕಡಲು ಸೇರುತ್ತದೆ ಎನ್ನುವುದು ಒಂದು ಉತ್ತರ. ಅದಕ್ಕಿಂತ ಗಟ್ಟಿಯಾದ ಉತ್ತರ ನಮ್ಮ ಹಟ್ಟಿ ಪಕ್ಕದ ಶೆಡ್ಡಿನಲ್ಲೇ ಇದೆ. ಟಿಲ್ಲರು, ತೋಟದ ಡೀಸೆಲ್ ಪಂಪು, ಪಿಕಪ್ಪು, ಜೆಸಿಬಿ, ಹೊಕ್ಕಾಡಿಗೋಳಿ ಕಂಬಳದ ರಾತ್ರಿಯೋ ಯಕ್ಷಗಾನ ಬಯಲಾಟಕ್ಕೋ ಬಾಡಿಗೆಗೆ ಹೋಗುವ ಜನರೇಟರು, ಇವೆಲ್ಲವೂ ಬೋಟು ಕುಡಿಯುವ ಡೀಸೆಲನ್ನೇ ಕುಡಿಯುತ್ತವೆ. ಮೀನುಗಾರಿಕೆ ನಿಷೇಧದ ಕಾರಣ ಬೋಟು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮಳೆಗೆ ಮೈಯೊಡ್ಡಿ ನಿಂತರೆ, ತೋಟದ ಪಂಪು ಮಳೆ ಹಿಡಿದ ಮೇಲೆ ನಿಂತದ್ದು ಮತ್ತೆ ಚಾಲೂ ಆಗುವುದು ಮಳೆಗಾಲ ಪೂರ್ತಿ ಕಳೆದ ನಂತರ. ಲೆಕ್ಕ ಹಾಕಿದರೆ ಪಂಪಿನ ಸ್ಥಿತಿಯೇ ಬೋಟಿಗಿಂತ ಕಷ್ಟದ್ದು.

ಎಂಜಿನ್ ನಿಂತ ಕೂಡಲೇ ಎಲ್ಲರೂ ಮಾಡುವ ಕೆಲಸ ಫಿಲ್ಟರ್ ಬದಲಿಸುವುದು. ಹೊಸ ಫಿಲ್ಟರ್ ಹಾಕಿ, ಏರ್ ತೆಗೆದು ಸ್ಟಾರ್ಟ್ ಮಾಡಿದರೆ ಎಂಜಿನ್ ಓಡುತ್ತದೆ. ರೋಗ ಗುಣವಾಯಿತು ಎಂದು ಎಲ್ಲರೂ ಮನೆಗೆ ಹೋಗುತ್ತಾರೆ. ನೀರು ಮಾತ್ರ ಟ್ಯಾಂಕಿನಲ್ಲೇ ಇದೆ. ಟ್ಯಾಂಕಿನ ತಳ ಮುಟ್ಟದೆ, ನೀರು ಒಳಬಂದ ದಾರಿ ಹುಡುಕದೆ ಬದಲಿಸುವ ಫಿಲ್ಟರುಗಳ ದುಡ್ಡು ದಂಡ.

ನೀರು ಬರುವ ದಾರಿ

ಡೀಸೆಲ್ಲಿನಲ್ಲಿ ನೀರು ಎಂದರೆ ಕೇಳಿದವರೆಲ್ಲ ಹೇಳುವ ಮೊದಲ ಕಾರಣ ಟ್ಯಾಂಕಿನ ಬೆವರು. ಅರ್ಧ ಖಾಲಿ ಟ್ಯಾಂಕಿನ ಗಾಳಿಯಲ್ಲಿರುವ ತೇವ, ತಣ್ಣನೆಯ ಮಜ್ಜಿಗೆ ಲೋಟದ ಹೊರಮೈ ಬೆವರುವಂತೆ, ರಾತ್ರಿ ಒಳಗೋಡೆಯ ಮೇಲೆ ಹನಿಗಟ್ಟಿ ಕೆಳಗಿಳಿಯುತ್ತದೆ ಎನ್ನುವುದು ವಾದ. ಸುಳ್ಳಲ್ಲ. ಆದರೆ ಎಷ್ಟು ನೀರು? ಲೆಕ್ಕ ಹಾಕಿ ನೋಡೋಣ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೇವದಿಂದ ತುಂಬಿದ ಗಾಳಿ ಒಂದು ಘನ ಮೀಟರಿಗೆ ಸುಮಾರು 30 ಗ್ರಾಂ ನೀರು ಹಿಡಿಯುತ್ತದೆ. 1000 ಲೀಟರಿನ ಟ್ಯಾಂಕು ಅರ್ಧ ಖಾಲಿಯಿದ್ದರೆ ಒಳಗಿನ 500 ಲೀಟರ್ ಗಾಳಿಯಲ್ಲಿ ಇರುವುದೇ 15 ಗ್ರಾಂ. ರಾತ್ರಿ ಐದಾರು ಡಿಗ್ರಿ ತಂಪಾದಾಗ ಆ ಗಾಳಿ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳುವುದು ಹತ್ತು ಲೀಟರಿನಷ್ಟು ಹೊಸ ಗಾಳಿಯನ್ನು, ಅಂದರೆ ದಿನಕ್ಕೆ ಗ್ರಾಮಿನ ಮೂರನೇ ಒಂದು ಭಾಗ ನೀರನ್ನು. ಅಷ್ಟೂ ನೀರಾಗಿ ತಳ ಸೇರಿತು ಎಂದೇ ಹಿಡಿದರೂ 61 ದಿನಕ್ಕೆ ಊಟದ ಚಮಚದಲ್ಲಿ ಎರಡು ಮೂರು ಚಮಚ.

ಈಗ ಡೆಕ್ಕಿನ ಮೇಲಿರುವ ಡೀಸೆಲ್ ತುಂಬುವ ಬಾಯಿಯನ್ನು ನೋಡಿ. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಎರಡೇ ತಿಂಗಳಲ್ಲಿ ಎರಡು ಮೀಟರಿನ ಹತ್ತಿರ ಮಳೆ ಸುರಿಯುತ್ತದೆ. ಎರಡು ಇಂಚು ಅಗಲದ ಬಾಯಿಗೆ ಮುಚ್ಚಳವೇ ಇಲ್ಲದಿದ್ದರೆ ಆಕಾಶದಿಂದ ನೇರ ಬೀಳುವ ಮಳೆಯೇ 4 ಲೀಟರ್ ಆಗುತ್ತದೆ. ಮುಚ್ಚಳ ಇದ್ದು, ಅದರ ಓ-ರಿಂಗ್ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿದ್ದರೆ, ಮತ್ತು ಬಾಯಿ ಡೆಕ್ಕಿನ ತಗ್ಗಿನಲ್ಲಿದ್ದರೆ, ಸುತ್ತ ನಿಂತ ನೀರೆಲ್ಲ ಮೆಲ್ಲಗೆ ಒಳಗಿಳಿಯುತ್ತಲೇ ಇರುತ್ತದೆ. ಆಗಿನ ಲೆಕ್ಕ ಚಮಚದ್ದಲ್ಲ, ಬಕೆಟಿನದು. ಕೆಲವೇ ರೂಪಾಯಿಯ ಒಂದು ರಬ್ಬರ್ ಉಂಗುರ ಮೇ ತಿಂಗಳಲ್ಲಿ ಬದಲಾಗಿದ್ದರೆ ಆಗಸ್ಟಿನಲ್ಲಿ ನಾಝಲ್‌ಗಳ ಖರ್ಚು ಬರುವುದಿಲ್ಲ. ಬೆವರಿನ ಮೇಲೆ ತಪ್ಪು ಹೊರಿಸುವುದು ಸುಲಭ. ಅದಕ್ಕೆ ಯಾರೂ ಹೊಣೆಯಲ್ಲವಲ್ಲ!

ಎರಡನೆಯ ಬಾಗಿಲು ಗಾಳಿ ಪೈಪು. ಟ್ಯಾಂಕಿನ ಉಸಿರಾಟಕ್ಕೆ ಅದು ಬೇಕೇ ಬೇಕು. ಅದರ ಬಾಯಿ ಮೇಲ್ಮುಖವಾಗಿರದೆ, ಕೊಡೆಯ ಹಿಡಿಯಂತೆ ಬಾಗಿ ನೆಲ ನೋಡುತ್ತಿರಬೇಕು, ತೆರೆಯ ನೀರು ಎರಚದಷ್ಟು ಎತ್ತರದಲ್ಲಿರಬೇಕು. ಮಳೆಗಾಲ ಬಂತೆಂದು ಇದಕ್ಕೆ ಬಟ್ಟೆ ತುರುಕಿ ಪ್ಲಾಸ್ಟಿಕ್ ಕಟ್ಟಿ ಬಿಗಿ ಮಾಡುವವರಿದ್ದಾರೆ. ಹಾಗೆ ಮಾಡಬಾರದು. 1000 ಲೀಟರ್ ಡೀಸೆಲ್ ಹತ್ತು ಡಿಗ್ರಿ ಬಿಸಿಯಾದರೆ ಸುಮಾರು 8 ಲೀಟರ್ ಹಿಗ್ಗುತ್ತದೆ. ಆ ಒತ್ತಡಕ್ಕೆ ದಾರಿ ಬೇಕು. ಪೈಪಿನ ಮೇಲೆ ಒಂದು ಡಬ್ಬ ಬೋರಲು ಹಾಕಿ ಗಾಳಿಯಾಡುವಂತೆ ಕಟ್ಟಿದರೆ ಸಾಕು. ನಿಷೇಧದ ಅವಧಿಗೆ ಟ್ಯಾಂಕು ತುಂಬಿಸಿಡಿ ಎಂಬ ಸಲಹೆ ಪುಸ್ತಕಗಳಲ್ಲಿ ಸಿಗುತ್ತದೆ. ಸಾವಿರಾರು ಲೀಟರ್ ಹಿಡಿಯುವ ಟ್ರಾಲ್ ಬೋಟಿನ ಮಾಲೀಕರಿಗೆ ಇದು ಎರಡು ತಿಂಗಳು ದುಡ್ಡು ಹೂತಿಟ್ಟಂತೆ. ಮುಚ್ಚಳ ಮತ್ತು ಗಾಳಿ ಪೈಪು ಸರಿಯಿದ್ದರೆ ತುಂಬಿಸದಿದ್ದರೂ ನಡೆಯುತ್ತದೆ ಎನ್ನುವುದು ಮೇಲಿನ ಲೆಕ್ಕದಿಂದಲೇ ಗೊತ್ತಾಗುತ್ತದೆ. ಪಂಪು, ಟಿಲ್ಲರಿನಂಥ ಸಣ್ಣ ಟ್ಯಾಂಕಾದರೆ ತುಂಬಿಸಿಡುವುದೇ ಒಳ್ಳೆಯದು. ತಗಡಿನ ಒಳಮೈ ತುಕ್ಕು ಹಿಡಿಯುವುದೂ ತಪ್ಪುತ್ತದೆ. ಹಿಗ್ಗಲು ಸ್ವಲ್ಪ ಜಾಗ ಬಿಟ್ಟು ತುಂಬಿಸಿ.

ಮೂರನೆಯದು ನಾವೇ ಸುರಿದುಕೊಳ್ಳುವ ನೀರು. 200 ಲೀಟರಿನ ಬ್ಯಾರಲ್ಲನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದರೆ ಮೇಲಿನ ಅಂಚಿನೊಳಗೆ ಮಳೆನೀರು ತಟ್ಟೆಯ ಹಾಗೆ ನಿಲ್ಲುತ್ತದೆ, ಬಿರಡೆ ಅದರಲ್ಲಿ ಮುಳುಗಿರುತ್ತದೆ. ಹಗಲು ಬಿಸಿಯಾದ ಬ್ಯಾರಲ್ ಸಂಜೆ ಮಳೆಗೆ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ, ಬಿರಡೆಯ ಸಂದಿನಿಂದ ಆ ನೀರನ್ನು ಎಳೆದುಕೊಳ್ಳುತ್ತದೆ. ಬಿರಡೆ ಬಿಗಿಯಾಗಿದೆ ಎಂಬ ನಂಬಿಕೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬ್ಯಾರಲ್ಲನ್ನು ಮಾಡಿನ ಅಡಿ ಇಡಬೇಕು, ಆಗದಿದ್ದರೆ ಅಡ್ಡ ಮಲಗಿಸಿ ಎರಡೂ ಬಿರಡೆಗಳು ಗಡಿಯಾರದ 3 ಮತ್ತು 9 ಇರುವ ಎತ್ತರಕ್ಕೆ ಬರುವಂತೆ ಇಡಬೇಕು. ಕಲಾಯಿ ತಗಡಿನ ಡಬ್ಬದಲ್ಲಿ ಡೀಸೆಲ್ ದಿನಗಟ್ಟಲೆ ಇಡಬೇಡಿ, ಅದರ ಸತು ಡೀಸೆಲ್ಲಿನೊಂದಿಗೆ ಸೇರಿ ಫಿಲ್ಟರ್ ಕಟ್ಟುವ ಜಿಡ್ಡಾಗುತ್ತದೆ. ಕ್ಯಾನಿನಿಂದ ಸುರಿಯುವಾಗ ಕೊನೆಯ ಒಂದು ಇಂಚು ಡೀಸೆಲ್ ಕ್ಯಾನಿನಲ್ಲೇ ಉಳಿಯಲಿ. ಬಂಕಿನಲ್ಲಿ ಟ್ಯಾಂಕರ್ ಡೀಸೆಲ್ ಇಳಿಸುತ್ತಿರುವಾಗ ತುಂಬಿಸಿಕೊಳ್ಳುವುದು ಬೇಡ, ನೆಲದಡಿಯ ಟ್ಯಾಂಕಿನ ತಳ ಆಗ ಕಲಕಿರುತ್ತದೆ. ಜೋರು ಮಳೆಯ ದಿನಗಳಲ್ಲಿ ಸಂಶಯ ಬಂದರೆ ನೀರು ಪತ್ತೆ ಹಚ್ಚುವ ಪೇಸ್ಟು ಹಚ್ಚಿದ ಅಳತೆ ಕೋಲು ಇಳಿಸಿ ತೋರಿಸಿ ಎಂದು ಕೇಳಿ. ನೀರು ತಾಗಿದಷ್ಟು ಉದ್ದಕ್ಕೆ ಆ ಪೇಸ್ಟು ಬಣ್ಣ ಬದಲಿಸುತ್ತದೆ. ಸಾಂದ್ರತೆಯ ಬೋರ್ಡು ನೋಡಿ ನೀರಿನ ವಿಷಯ ತಿಳಿಯುವುದಿಲ್ಲ.

ಬೆಳಗ್ಗೆ, ಸ್ಟಾರ್ಟ್ ಮಾಡುವ ಮೊದಲು

ಭಾರತ್ ಸ್ಟೇಜ್ 6 ಡೀಸೆಲ್ ಲೀಟರಿಗೆ 810ರಿಂದ 845 ಗ್ರಾಂ ತೂಗುತ್ತದೆ, ನೀರು ಒಂದು ಕಿಲೋ. ಹಾಗಾಗಿ ನೀರು ಕೆಳಗೇ ಇರುತ್ತದೆ, ಅದನ್ನು ಹುಡುಕುವುದೂ ಕೆಳಗಿನಿಂದಲೇ. ರಾತ್ರಿಯಿಡೀ ಅಲುಗದೆ ನಿಂತ ಟ್ಯಾಂಕಿನ ಡ್ರೈನ್ ಕಾಕ್ ಬೆಳಗ್ಗೆ, ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ತಿರುಗಿಸಿ ಬಿಳಿ ಗಾಜಿನ ಬಾಟಲಿಗೆ ಅರ್ಧ ಲೀಟರ್ ಹಿಡಿಯಿರಿ. ಕಡಲಿನಿಂದ ಬಂದ ತಕ್ಷಣ ಹಿಡಿದ ಸ್ಯಾಂಪಲ್ ಏನೂ ಹೇಳುವುದಿಲ್ಲ. ಬಾಟಲಿಯನ್ನು ಅರ್ಧ ಗಂಟೆ ಬಿಟ್ಟು ಬೆಳಕಿಗೆ ಹಿಡಿದಾಗ, ಅದರ ಹಿಂದೆ ಇಟ್ಟ ಪತ್ರಿಕೆಯ ಅಕ್ಷರ ಓದುವಷ್ಟು ತಿಳಿಯಾಗಿದ್ದರೆ ಒಳ್ಳೆಯದು. ಮಂಜು ಮಂಜಾಗಿದ್ದರೆ ನೀರು ಸಣ್ಣ ಕಣಗಳಾಗಿ ಬೆರೆತಿದೆ ಎಂದರ್ಥ, ಇನ್ನೊಂದು ದಿನ ಬಿಟ್ಟು ನೋಡಬೇಕು. ತಳದಲ್ಲಿ ಬೇರೆ ಪದರ ಕಂಡರೂ ಅದು ನೀರೋ ಅಲ್ಲವೋ ಎಂಬ ಅನುಮಾನ ಉಳಿದರೆ, ಸಿಹಿತಿಂಡಿಗೆ ಹಾಕುವ ಕೆಂಪು ಬಣ್ಣದ ಪುಡಿ ಒಂದು ಚಿಟಿಕೆ ಹಾಕಿ. ಡೀಸೆಲ್ಲಿನಲ್ಲಿ ಅದು ಕರಗದೆ ಕಣವಾಗಿಯೇ ಇಳಿಯುತ್ತದೆ. ನೀರು ಮುಟ್ಟಿದ ಕ್ಷಣ ಅಡಿಯಿಂದ ಕೆಂಪು ಹರಡುತ್ತದೆ, ಮೇಲಿನ ಡೀಸೆಲ್ ಹಾಗೇ ಇರುತ್ತದೆ. ಕೆಂಪು ಪದರದ ಎತ್ತರವೇ ನೀರಿನ ಅಳತೆ. ಕಾದ ಬಾಣಲೆಗೆ ಹನಿಸಿ ಚಟಚಟ ಕೇಳುವ ಪರೀಕ್ಷೆ ಎಂಜಿನ್ ಆಯಿಲಿಗೆ ಕೆಲವರು ಮಾಡುತ್ತಾರೆ. ಡೀಸೆಲ್ಲಿಗೆ ಅದನ್ನು ಮಾಡಲೇಬೇಡಿ, ಬೆಂಕಿ ಹತ್ತುತ್ತದೆ.

ಬೋಟಿನ ಟ್ಯಾಂಕಿನ ಒಳಗೆ ಡೀಸೆಲ್ ತುಳುಕದಂತೆ ಅಡ್ಡ ತಗಡುಗಳಿರುತ್ತವೆ. ಪ್ರತಿ ಕೋಣೆಯಲ್ಲೂ ನೀರು ಬೇರೆ ಬೇರೆ ನಿಲ್ಲಬಹುದು. ಒಂದು ಮೂಲೆಯಿಂದ ತಿಳಿ ಡೀಸೆಲ್ ಬಂತೆಂದು ನೆಮ್ಮದಿ ಪಡಬೇಡಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ತಳದಲ್ಲಿ ಒಂದೇ ಸೆಂಟಿಮೀಟರ್ ನೀರಿದ್ದರೂ ಅದು 10 ಲೀಟರ್. ಎಂಜಿನ್‌ಗೆ ಹೋಗುವ ಪೈಪು ತಳದಿಂದ ಸ್ವಲ್ಪ ಮೇಲಿರುವುದರಿಂದ ಇಷ್ಟು ನೀರು ವರ್ಷಗಟ್ಟಲೆ ಸುಮ್ಮನಿದ್ದು, ಅಬ್ಬರದ ದಿನ ಒಂದೇ ಸಲಕ್ಕೆ ಎದ್ದುಬರಬಹುದು.

ಸುಮ್ಮನಿರುವ ನೀರಿನಿಂದ ಹಾನಿ ಇಲ್ಲವೆಂದಲ್ಲ. ಎಂಜಿನ್ನಿನೊಳಗಿನ ಡೀಸೆಲ್ ಪಂಪಿನ ಪ್ಲಂಜರು, ನಾಝಲಿನ ಸೂಜಿ ಎಲ್ಲಕ್ಕೂ ಡೀಸೆಲ್ಲೇ ಎಣ್ಣೆ. ನೀರು ಹೋದರೆ ಲೋಹ ಲೋಹಕ್ಕೆ ಉಜ್ಜುತ್ತದೆ. ನಾಝಲಿನ ತುದಿಯಲ್ಲಿ ನೀರು ಒಮ್ಮೆಲೇ ಆವಿಯಾಗಿ ತುದಿಯೇ ಹಾರಿಹೋಗಬಹುದು. ಇನ್ನು ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಬೆಳೆಯುತ್ತವೆ. ಹಾರ್ಮೊಕೋನಿಸ್ ರೆಸಿನೇ ಎಂಬ ಶಿಲೀಂಧ್ರ ಇದರಲ್ಲಿ ಕುಖ್ಯಾತ, ವಿಮಾನದ ಇಂಧನ ಟ್ಯಾಂಕಿನಲ್ಲೂ ಅದರ ಕಾಟ ಇದೆ. ಇದಕ್ಕೆ ಬೆಳಕು ಬೇಡ, ನೀರು ಬೇಕು. ಫಿಲ್ಟರಿನಲ್ಲಿ ಕಪ್ಪು ಲೋಳೆ ಕಂಡರೆ, ಕೊಳೆತ ವಾಸನೆ ಬಂದರೆ ಇದೇ. ಈಗಿನ ಡೀಸೆಲ್ಲಿಗೆ ಶೇಕಡ 7ರವರೆಗೆ ಬಯೋಡೀಸೆಲ್ ಬೆರೆಸಲು ಅವಕಾಶವಿದೆ; ಅದು ನೀರನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ, ಈ ಜೀವಿಗಳಿಗೂ ರುಚಿ.

ತಳ ತೊಳೆಯುವುದು

ಬೀಡಿ, ಒಲೆ, ವೆಲ್ಡಿಂಗ್ ಎಲ್ಲ ದೂರ. ಬೋಟು ಸ್ವಲ್ಪ ವಾಲಿದ್ದರೆ ನೀರು ಒಂದು ಮೂಲೆಗೆ ಸೇರುತ್ತದೆ, ಅದು ಅನುಕೂಲವೇ. ಡ್ರೈನ್ ಕಾಕ್ ಇದ್ದರೆ ಅದರಿಂದ, ಇಲ್ಲದಿದ್ದರೆ ಬಾಗದ ಪೈಪೊಂದನ್ನು ತಳ ಮುಟ್ಟುವಂತೆ ಇಳಿಸಿ ಕೈಪಂಪಿನಿಂದ ಎಳೆಯಬೇಕು. ಮೆತ್ತನೆಯ ಪ್ಲಾಸ್ಟಿಕ್ ಪೈಪು ಒಳಗೆ ಸುರುಳಿಯಾಗಿ ಮೇಲೆ ನಿಲ್ಲುತ್ತದೆ, ನೀರು ಕೆಳಗೇ ಉಳಿಯುತ್ತದೆ. ತಿಳಿ ಡೀಸೆಲ್ ಬರಲು ತೊಡಗಿದ ಮೇಲೂ ಹತ್ತಿಪ್ಪತ್ತು ಲೀಟರ್ ತೆಗೆಯಿರಿ. ಅದನ್ನು ಎರಡು ದಿನ ನಿಲ್ಲಿಸಿ, ಮೇಲಿನದನ್ನು ಸೋಸಿ ಹಾಕಿಕೊಳ್ಳಬಹುದು, ನಷ್ಟವಿಲ್ಲ.

ಲೋಳೆ ಇದ್ದರೆ ಇಷ್ಟೇ ಸಾಲದು. ಟ್ಯಾಂಕಿನ ಮೇಲಿನ ಮುಚ್ಚಳ ಬಿಚ್ಚಿ, ಹೊರಗೆ ನಿಂತೇ, ಉದ್ದ ಹಿಡಿಯ ಬಟ್ಟೆಯಿಂದ ಒರೆಸಿ ತೆಗೆಯಬೇಕು. ತಲೆ ಒಳಗೆ ಹಾಕಬಾರದು, ಇಳಿಯುವುದಂತೂ ಬೇಡವೇ ಬೇಡ. ತುಕ್ಕು ಹಿಡಿಯುವ ಕಬ್ಬಿಣ ಒಳಗಿನ ಆಮ್ಲಜನಕವನ್ನು ತಿಂದುಬಿಟ್ಟಿರಬಹುದು. ಜೊತೆಗೆ ಆವಿ, ಕೊಳೆತ ಅನಿಲ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರ ತೊಟ್ಟಿಯಲ್ಲಿ ಐವರು ಕಾರ್ಮಿಕರು ವಿಷಾನಿಲಕ್ಕೆ ಬಲಿಯಾದರು. ಅದು ಡೀಸೆಲ್ ಟ್ಯಾಂಕಲ್ಲ, ಆದರೆ ಮುಚ್ಚಿದ ತೊಟ್ಟಿ ಕೊಲ್ಲುವ ರೀತಿ ಒಂದೇ: ಒಬ್ಬ ಕುಸಿದರೆ ಅವನನ್ನು ಎತ್ತಲು ಹೋದವನೂ ಕುಸಿಯುತ್ತಾನೆ.

ಶಿಲೀಂಧ್ರ ಕೊಲ್ಲುವ ಔಷಧಿ ಸಿಗುತ್ತದೆ, ತಳ ತೊಳೆದ ಮೇಲೆ ಡಬ್ಬದ ಮೇಲಿರುವ ಪ್ರಮಾಣದಲ್ಲಿ ಹಾಕಬಹುದು. ತೊಳೆಯದೆ ಹಾಕಿದರೆ ಸತ್ತ ಲೋಳೆಯೆಲ್ಲ ಎದ್ದು ಫಿಲ್ಟರಿಗೆ ಬರುತ್ತದೆ. ನೀರನ್ನು ಡೀಸೆಲ್ಲಿನಲ್ಲಿ ಬೆರೆಸಿ ಸುಟ್ಟುಬಿಡುತ್ತೇವೆ ಎಂದು ಮಾರುವ ದ್ರಾವಣಗಳ ಬಗ್ಗೆ ನನಗೆ ಒಲವಿಲ್ಲ. ಹನಿಯಷ್ಟು ನೀರಿಗೆ ಅವು ಆದಾವು, ಲೀಟರ್‌ಗಟ್ಟಲೆ ನೀರನ್ನು ಕಣವಾಗಿಸಿ ನಾಝಲಿಗೆ ಕಳಿಸುವುದು ಯಾವ ಜಾಣತನ? ಸ್ಪಿರಿಟ್, ಥಿನ್ನರ್, ಪೆಟ್ರೋಲ್ ಸುರಿಯುವ ಉಪಾಯವಂತೂ ಬೆಂಕಿಗೆ ಆಹ್ವಾನ.

ಫಿಲ್ಟರಿನ ಸರದಿ ಈಗ ಬರುತ್ತದೆ. ಟ್ಯಾಂಕಿಗೂ ಎಂಜಿನ್‌ಗೂ ನಡುವೆ ಗಾಜಿನ ಬೌಲ್ ಇರುವ ವಾಟರ್ ಸೆಪರೇಟರ್ ಇಲ್ಲದಿದ್ದರೆ ಹಾಕಿಸಿಕೊಳ್ಳಿ. ಬೋಟಿನಲ್ಲಿ ಎರಡು ಜೋಡಿಸಿ ನಡುವೆ ವಾಲ್ವ್ ಇಟ್ಟರೆ ಒಂದು ಕಟ್ಟಿದಾಗ ಎಂಜಿನ್ ನಿಲ್ಲಿಸದೆ ಇನ್ನೊಂದಕ್ಕೆ ತಿರುಗಿಸಬಹುದು. ಇಲ್ಲಿ 10 ಅಥವಾ 30 ಮೈಕ್ರಾನಿನ ಫಿಲ್ಟರ್ ಸಾಕು. 2 ಮೈಕ್ರಾನಿನದು ಮೊದಲಲ್ಲೇ ಹಾಕಿದರೆ ಬೇಗ ಕಟ್ಟುತ್ತದೆ. ಹಳೆ ಲೇಲ್ಯಾಂಡ್ ಎಂಜಿನ್ನೋ ಕಿರ್ಲೋಸ್ಕರ್ ಪಂಪೋ ಆದರೆ ಏರ್ ತೆಗೆಯುವುದು ಕಷ್ಟವಿಲ್ಲ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಗುಂಡಿ ಒತ್ತುತ್ತಾ ಗುಳ್ಳೆ ನಿಲ್ಲುವವರೆಗೆ ಕಾಯುವುದು, ಸ್ಕ್ರೂ ಬಿಗಿ ಮಾಡುವುದು, ಡೀಸೆಲ್ ಪಂಪಿನಲ್ಲೂ ಹಾಗೆಯೇ, ಕೊನೆಗೆ ನಾಝಲ್ ಪೈಪಿನ ನಟ್ಟು ಸಡಿಲಿಸಿ ಎಂಜಿನ್ ತಿರುಗಿಸುವುದು. ಈ ಕೊನೆಯ ಕೆಲಸ ಹೊಸ ಕಾಮನ್ ರೈಲ್ ಎಂಜಿನ್‌ನಲ್ಲಿ ಮಾಡಲೇಬಾರದು. ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಪಿಕಪ್ಪಿನಲ್ಲಿ ನೀರಿನ ಗುರುತಿನ ದೀಪ ಹತ್ತಿದರೆ ಬದಿಗೆ ನಿಲ್ಲಿಸಿ ಫಿಲ್ಟರ್ ಅಡಿಯ ಸ್ಕ್ರೂ ಬಿಚ್ಚಿ ನೀರು ಬಸಿಯುವುದಷ್ಟೇ ನಿಮ್ಮ ಕೆಲಸ. ಮನೆ ಮುಟ್ಟುವವರೆಗೆ ಓಡಲಿ ಎಂದರೆ ಆ ಓಟ ದುಬಾರಿಯಾಗುತ್ತದೆ.

ಕಡಲ ಮಧ್ಯೆ ನಿಂತರೆ ಮೊದಲು ಲಂಗರು, ಆಮೇಲೆ ಎಂಜಿನ್. ಬೋಟು ಕೊಚ್ಚಿಹೋಗುತ್ತಿರುವಾಗ ಅದನ್ನು ನಡೆಸುವ ತಾಂಡೇಲನೂ ಕೆಳಗಿಳಿದು ಸ್ಪ್ಯಾನರ್ ಹಿಡಿಯಬಾರದು. ಬೌಲ್ ಬಸಿದು, ಬೇರೆ ಟ್ಯಾಂಕಿದ್ದರೆ ಅದಕ್ಕೆ ತಿರುಗಿಸಿ, ಫಿಲ್ಟರ್ ಬದಲಿಸಿ ಏರ್ ತೆಗೆಯಿರಿ. ಎರಡೂ ಟ್ಯಾಂಕು ಕೆಟ್ಟಿದ್ದರೆ ತಿಳಿ ಡೀಸೆಲ್ ತುಂಬಿದ ಒಂದು ಕ್ಯಾನು ಎಂಜಿನ್‌ಗಿಂತ ಎತ್ತರದಲ್ಲಿ ಕಟ್ಟಿ, ಪೈಪು ಅದರಿಂದಲೇ ಕೊಟ್ಟರೆ ದಡ ಸೇರುವಷ್ಟು ಓಡುತ್ತದೆ. ವಾಪಸು ಬರುವ ಪೈಪನ್ನೂ ಅದೇ ಕ್ಯಾನಿಗೆ ಇಳಿಸಲು ಮರೆಯಬೇಡಿ. ಅಂಥ ಕ್ಯಾನೊಂದು ಬೋಟಿನಲ್ಲಿ ಯಾವಾಗಲೂ ಇರಲಿ. ಆಗದಿದ್ದರೆ ವಿಎಚ್‌ಎಫ್ ಚಾನೆಲ್ 16. ಮೊಬೈಲ್ ಸಿಗುವ ಜಾಗವಾದರೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093.

ತೆಗೆದ ಕೊಳಕನ್ನು ಹೊಳೆಗೆ ಸುರಿಯುವುದು ದಕ್ಕೆಯಲ್ಲೂ ತಪ್ಪು, ಸಿದ್ಧಕಟ್ಟೆಯಲ್ಲೂ ತಪ್ಪು. ಇಂಧನ ಟ್ಯಾಂಕ್ ತೊಳೆದ ಕೆಸರು 2016ರ ನಿಯಮಗಳಲ್ಲಿ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. ನಮ್ಮ ಮುರಕಲ್ಲಿನ ನೆಲ ತೂತು ತೂತು. ಅಂಗಳದಲ್ಲಿ ಚೆಲ್ಲಿದ ಡೀಸೆಲ್ ಮಳೆಗಾಲದಲ್ಲಿ ಬಾವಿ ನೀರಿನ ವಾಸನೆಯಾಗಿ ಮರಳಬಹುದು. ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಟ್ಟು, ಹಳೆ ಆಯಿಲ್ ಕೊಳ್ಳುವ ಪರವಾನಗಿದಾರರಿಗೆ ಸರ್ವೀಸ್ ಸ್ಟೇಷನ್ ಮೂಲಕ ಕೊಡುವುದು ಸರಿಯಾದ ದಾರಿ.

ಪೆಟ್ರೋಲಿನ ಕತೆ ಬೇರೆ

ಔಟ್‌ಬೋರ್ಡ್ ಎಂಜಿನ್ ಇರುವ ದೋಣಿ, ಅಡಿಕೆಗೆ ಮದ್ದು ಬಿಡುವ ಪಂಪು, ಹುಲ್ಲು ಕತ್ತರಿಸುವ ಮಿಷನ್ನು ಇವಕ್ಕೆ ಮೇಲಿನದೆಲ್ಲ ಹೊಂದುವುದಿಲ್ಲ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಇದೆ. ಎಥನಾಲ್ ಸ್ವಲ್ಪ ನೀರನ್ನು ತನ್ನೊಳಗೆ ಸೇರಿಸಿಕೊಂಡು ಏನೂ ಆಗದಂತೆ ಕಾಣುತ್ತದೆ. ಮಿತಿ ಮೀರಿತೋ, ನೀರಿನೊಂದಿಗೆ ತಾನೂ ಪೆಟ್ರೋಲನ್ನು ಬಿಟ್ಟು ತಳಕ್ಕಿಳಿಯುತ್ತದೆ. ಆಗ ಕೆಳಗಿನ ಪದರ ಎಂಜಿನ್‌ಗೆ ಹೋದರೆ ಸ್ಟಾರ್ಟೇ ಆಗುವುದಿಲ್ಲ, ಕಾರ್ಬೊರೇಟರು ತುಕ್ಕು ಹಿಡಿಯುತ್ತದೆ. ಮೇಲಿನದರಲ್ಲಿ ಎಥನಾಲ್ ಹೋದದ್ದರಿಂದ ಆಕ್ಟೇನ್ ಕಡಿಮೆಯಾಗಿರುತ್ತದೆ. ಕಲಕಿದರೆ ಮತ್ತೆ ಒಂದಾಗುವುದಿಲ್ಲ. ಬಸಿದು ಉಪಯೋಗಿಸುವ ಡೀಸೆಲ್ಲಿನ ಉಪಾಯ ಇಲ್ಲಿ ನಡೆಯದು, ಪೂರ್ತಿ ತೆಗೆದುಹಾಕಬೇಕು.

ಹಾಗಾಗಿ ಕೊನೆಯ ಸಲದ ಬೋರ್ಡೋ ಸಿಂಪಡಣೆ ಮುಗಿದ ದಿನವೇ ಪಂಪಿನ ಟ್ಯಾಂಕ್ ಖಾಲಿ ಮಾಡಿ, ಪೆಟ್ರೋಲ್ ನಳ್ಳಿ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಲು ಬಿಡಿ. ಕಾರ್ಬೊರೇಟರಿನ ಬಟ್ಟಲೂ ಒಣಗುತ್ತದೆ. ಟೂ-ಟಿ ಆಯಿಲ್ ಬೆರೆಸದ, ತಿಳಿಯಾಗಿರುವ ಪೆಟ್ರೋಲ್ ಉಳಿದಿದ್ದರೆ ಕ್ಯಾನಿನಲ್ಲಿ ಮುಂದಿನ ಮಳೆಗಾಲಕ್ಕೆ ಕಾಯಿಸದೆ ಅಂದೇ ಬೈಕಿಗೆ ಹಾಕಿ ಓಡಿಸಿಬಿಡಿ.